ಕಾರು ತಗ್ಗಬೇಕು, ಕುಲುಕಬಾರದು

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಗೆಂಡೆಹಳ್ಳಿ ಎಂಬ ಊರುಂಟು. ಬಯಲುಸೀಮೆ ಹಿಂದುಳಿದು ಮಲೆನಾಡು ಮೊದಲಾಗುವ ಸೀಮೆ ಅದು. ಅಂಥ ಊರಿನ ತೋಟದ ಮನೆಯೊಂದನ್ನು ಕಾರು ಸೇರಬೇಕಾದರೆ ಮೂರು ಬಗೆಯ ನೆಲವನ್ನು ದಾಟಬೇಕಾಗುವುದು: ಹೆದ್ದಾರಿಯ ನುಣುಪಾದ ಡಾಂಬರು, ಊರೂರಿನ ರಸ್ತೆಯುಬ್ಬುಗಳು, ಕೊನೆಗೆ ಮುಂಗಾರಿನ ನೀರು ಕೊರೆದ ಮಣ್ಣುದಾರಿ. ಆ ಮನೆಯ ತರುಣನಿಗೆ ತನ್ನ ಕಾರು ಪಂದ್ಯದ ಕಾರಿನಂತೆ ನೆಲಕ್ಕಂಟಿಕೊಂಡು ಓಡಬೇಕೆಂಬ ಆಸೆ ಹುಟ್ಟಿತೆನ್ನೋಣ. ವರ್ಕ್‌ಷಾಪಿನಲ್ಲಿ ವಿಚಾರಿಸಿದರೆ, ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿಬಿಟ್ಟರೆ ಕೆಲಸವಾಯಿತೆಂಬ ಸಲಹೆ ಸುಲಭವಾಗಿ ದೊರೆಯುವುದು. ವೆಚ್ಚವೂ ಹೆಚ್ಚಲ್ಲ. ಆದರೆ ಹಾಗೆ ಕತ್ತರಿಸಿದ ಕಾರಿನಲ್ಲಿ ಕುಳಿತವರ ಬೆನ್ನುಮೂಳೆ ಕೆಲವೇ ದಿನಗಳಲ್ಲಿ ದೂರು ಹೇಳತೊಡಗುವುದು. ಕಾರು ತಗ್ಗಿದರೆ ಪ್ರಯಾಣದ ಸುಖ ಕೆಡಲೇಬೇಕೆ? ಕೆಡುವುದಾದರೆ ಏತಕ್ಕೆ? ಕೆಡದಂತೆ ತಗ್ಗಿಸುವ ಉಪಾಯವುಂಟೆ? ಪ್ರೌಢಶಾಲೆಯ ಭೌತವಿಜ್ಞಾನವನ್ನು ಓದಿದವರು ಕಾಗದ ಪೆನ್ಸಿಲು ಹಿಡಿದು ಉತ್ತರಿಸಬಹುದಾದ ಪ್ರಶ್ನೆಗಳಿವು.

ಮೊದಲು ಸುಖವೆಂದರೇನು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ನಮ್ಮ ಹಿರಿಯರು ಕಮಾನುಗಾಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದರು. ಅದರ ಕಮಾನು ನೆರಳಿಗಾಗಿ ತಲೆಯ ಮೇಲಿತ್ತೇ ಹೊರತು ಅಚ್ಚಿನ ಮೇಲೆ ಯಾವ ಸ್ಪ್ರಿಂಗೂ ಇರಲಿಲ್ಲ. ದಪ್ಪನಾಗಿ ಹಾಸಿದ ಹುಲ್ಲು, ಅದರ ಮೇಲೊಂದು ಜಮಖಾನ, ಇವೇ ಆಗಿನ ಸ್ಪ್ರಿಂಗು. ಎತ್ತಿನ ನಡಿಗೆಗೆ ಅದು ಸಾಕಾಗಿತ್ತು. ವೇಗ ಹೆಚ್ಚಿದಂತೆ ಚಕ್ರಕ್ಕೂ ಗಾಡಿಯ ಒಡಲಿಗೂ ನಡುವೆ ಬಾಗುವ ವಸ್ತುವೊಂದು ಅಗತ್ಯವಾಯಿತು. ಮೊದಲು ಬಂದುದು ಉಕ್ಕಿನ ಪಟ್ಟೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಕಮಾನುಪಟ್ಟೆ. ಲಾರಿಗಳಲ್ಲಿ ಅದನ್ನು ಇಂದಿಗೂ ಕಾಣಬಹುದು. ಅನಂತರ ಬಂದುದು ಸುರುಳಿ ಸ್ಪ್ರಿಂಗು.

ಸ್ಪ್ರಿಂಗಿನ ಮೇಲೆ ಕುಳಿತ ಯಾವ ಭಾರಕ್ಕೂ ಅದರದೇ ಆದ ಒಂದು ತೂಗಾಟದ ಲಯವಿರುವುದು. ಈ ಲಯವನ್ನು ತಿಳಿಯಲು ಬಲು ಸರಳವಾದ ಒಂದು ಸೂತ್ರವುಂಟು. ಭಾರವನ್ನು ಹೊತ್ತಾಗ ಸ್ಪ್ರಿಂಗು ಎಷ್ಟು ಸೆಂಟಿಮೀಟರು ಕುಗ್ಗುವುದೋ ಆ ಸಂಖ್ಯೆಯ ವರ್ಗಮೂಲದಿಂದ 5ನ್ನು ಭಾಗಿಸಿದರೆ, ಸೆಕೆಂಡಿಗೆ ಎಷ್ಟು ಆಂದೋಲನಗಳೆಂಬುದು ಹೆಚ್ಚುಕಡಮೆ ದೊರೆಯುವುದು. 25 ಸೆಂಟಿಮೀಟರು ಕುಗ್ಗುವ ಮೆತ್ತನೆಯ ಸ್ಪ್ರಿಂಗಿನ ಮೇಲೆ ಕಾರು ಸೆಕೆಂಡಿಗೆ ಒಂದು ಸಲ ತೂಗುವುದು. 10 ಸೆಂಟಿಮೀಟರು ಕುಗ್ಗುವುದಾದರೆ ಸುಮಾರು 1.6 ಸಲ, ಆರೇಕಾಲು ಸೆಂಟಿಮೀಟರಾದರೆ ಎರಡು ಸಲ. ಭಾರ ಎಷ್ಟೆಂಬುದನ್ನು ಬೇರೆಯಾಗಿ ಕೇಳಬೇಕಾಗಿಯೇ ಇಲ್ಲ. ಪ್ರಯೋಗಶಾಲೆಯ ಸ್ಪ್ರಿಂಗಿಗೆ ತೂಕದ ಕಲ್ಲುಗಳನ್ನು ತೂಗುಹಾಕಿ, ಅದು ಜಗ್ಗಿದ ಉದ್ದವನ್ನು ಅಳೆದು, ಆಂದೋಲನಗಳನ್ನು ಎಣಿಸಿ ಇದನ್ನು ಯಾರಾದರೂ ಪರೀಕ್ಷಿಸಬಹುದು.

ಯಾವ ಲಯ ದೇಹಕ್ಕೆ ಹಿತ? ಮನುಷ್ಯನು ನಡೆಯುವಾಗ ಅವನ ತಲೆ ಸೆಕೆಂಡಿಗೆ ಒಂದೂವರೆ ಎರಡು ಸಲ ಏರಿಳಿಯುವುದು. ಆ ಲಯಕ್ಕೆ ನಮ್ಮ ದೇಹ ಹುಟ್ಟಿನಿಂದ ಒಗ್ಗಿದೆ. ಇಂಗ್ಲೆಂಡಿನ ಮೋಟಾರು ತಜ್ಞ ಫ್ರೆಡರಿಕ್ ಲ್ಯಾಂಚೆಸ್ಟರನು 19ನೆಯ ಶತಮಾನದ ಕೊನೆಗೇ ತನ್ನ ಕಾರುಗಳ ತೂಗಾಟವನ್ನು ನಡಿಗೆಯ ಲಯಕ್ಕೆ ಹೊಂದಿಸಲು ಯತ್ನಿಸಿದನು. ಇದಕ್ಕಿಂತ ಬಹಳ ನಿಧಾನವಾದ, ಸೆಕೆಂಡಿಗೆ ಅರ್ಧ ಆಂದೋಲನಕ್ಕೂ ಕಡಮೆಯಾದ ತೂಗಾಟ ಹಡಗಿನಲ್ಲಾಗುವಂತೆ ವಾಕರಿಕೆ ತರುವುದು. ಮೇಲುಕೆಳಗಿನ ಅಲುಗಾಟದಲ್ಲಿ ದೇಹಕ್ಕೆ ಅತ್ಯಂತ ಹಿಂಸೆಯಾಗುವುದು ಸೆಕೆಂಡಿಗೆ 4ರಿಂದ 8 ಆಂದೋಲನಗಳಾದಾಗ. ಹೊಟ್ಟೆಯ ಒಳಗಿನ ಅಂಗಗಳೂ ಬೆನ್ನುಮೂಳೆಯೂ ಆ ಲಯಕ್ಕೆ ತಾವೇ ಕೂಡಿ ಕುಣಿಯತೊಡಗುವುವು. ಆದ್ದರಿಂದ ಸಾಮಾನ್ಯ ಕಾರುಗಳನ್ನು 1ರಿಂದ 1.5ರ ಆಸುಪಾಸಿನಲ್ಲೂ ಓಟದ ಕಾರುಗಳನ್ನು ಅದಕ್ಕಿಂತ ಸ್ವಲ್ಪ ಮೇಲೂ ಇಡುವುದು ವಾಡಿಕೆ.

ಇನ್ನು ಕಾರು ತಗ್ಗಾಗಿರಬೇಕೆಂದು ಬಯಸುವುದೇಕೆ? ತಿರುವಿನಲ್ಲಿ ಕಾರಿನ ಭಾರ ಒಳಬದಿಯ ಚಕ್ರಗಳಿಂದ ಹೊರಬದಿಯವಕ್ಕೆ ಸರಿಯುವುದು. ಗುರುತ್ವಕೇಂದ್ರ ಎತ್ತರವಾದಷ್ಟೂ ಹೀಗೆ ಸರಿಯುವ ಭಾರ ಹೆಚ್ಚು. ಭಾರ ಹೆಚ್ಚು ಸರಿದಷ್ಟೂ ನಾಲ್ಕು ಟೈರುಗಳು ಒಟ್ಟಾಗಿ ನೆಲವನ್ನು ಹಿಡಿಯುವ ಶಕ್ತಿ ಕಡಮೆ. ಲೆಕ್ಕಕ್ಕೆ 1000 ಕಿಲೋಗ್ರಾಂ ತೂಕದ ಕಾರೊಂದನ್ನು ಆರಿಸಿಕೊಳ್ಳೋಣ. ಎಡಬಲ ಚಕ್ರಗಳ ನಡುವಣ ಅಂತರ 1.4 ಮೀಟರು, ಗುರುತ್ವಕೇಂದ್ರದ ಎತ್ತರ 55 ಸೆಂಟಿಮೀಟರು. ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ಪಕ್ಕದ ಎಳೆತವುಳ್ಳ ಬಿರುಸಾದ ತಿರುವಿನಲ್ಲಿ ಸುಮಾರು 196 ಕಿಲೋ ಭಾರ ಹೊರಬದಿಗೆ ಸರಿಯುವುದು. ಕಾರನ್ನು 3.3 ಸೆಂಟಿಮೀಟರು ತಗ್ಗಿಸಿದರೆ ಅದು ಸುಮಾರು 185 ಕಿಲೋ ಆಗುವುದು. ಲಾಭ ಉಂಟು, ಆದರೆ ನೂರಕ್ಕೆ ಆರು ಮಾತ್ರ. ಪಂದ್ಯದಲ್ಲಿ ಅಷ್ಟಕ್ಕೂ ಬೆಲೆಯಿದೆ. ಬೇಲೂರಿನ ಸಂತೆಗೆ ಹೋಗಿ ಬರುವವನಿಗೆ ಇದೆಯೇ ಎಂಬುದನ್ನು ವಾಚಕರೇ ತೀರ್ಮಾನಿಸಲಿ. ತಗ್ಗಿದ ಕಾರಿನ ಅಂದಕ್ಕೆ ಮನಸೋಲುವವರ ಮೇಲೆ ನಮಗೇನೂ ಆಕ್ಷೇಪವಿಲ್ಲ. ಅಂದವೂ ಒಂದು ಪ್ರಯೋಜನವೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಲೆಕ್ಕದ ಕಾರಿನ ಒಂದೊಂದು ಚಕ್ರದ ಮೇಲೆ 250 ಕಿಲೋ ಭಾರವಿದೆ. ಸ್ಪ್ರಿಂಗು ಒಂದು ಸೆಂಟಿಮೀಟರು ಕುಗ್ಗಲು 25 ಕಿಲೋ ಬೇಕು. ಆದ್ದರಿಂದ ಅದು ನಿಂತಲ್ಲೇ 10 ಸೆಂಟಿಮೀಟರು ಕುಗ್ಗಿರುವುದು. ಲಯ ಸೆಕೆಂಡಿಗೆ 1.6. ಇಷ್ಟು ಕುಗ್ಗಿ ನಿಂತ ಮೇಲೆ ಚಕ್ರಕ್ಕೆ ಇನ್ನೂ ಮೇಲಕ್ಕೇರಲು ಸ್ವಲ್ಪ ಜಾಗ ಉಳಿದಿರುವುದು. ಅದು ಮುಗಿದಲ್ಲಿ ರಬ್ಬರಿನ ಗಟ್ಟಿ ತಡೆಯೊಂದನ್ನು ಕೂರಿಸಿರುತ್ತಾರೆ. ಈ ಜಾಗವನ್ನು ‘ಏರುವ ಎಡೆ’ ಎಂದು ಕರೆಯೋಣ. ನಮ್ಮ ಕಾರಿನಲ್ಲಿ ಅದು 8 ಸೆಂಟಿಮೀಟರು ಇರಲಿ.

ಚಕ್ರವು ಉಬ್ಬೊಂದಕ್ಕೆ ತಗುಲಿ, ಚಕ್ರವೂ ಕಾರಿನ ಒಡಲೂ ಸೆಕೆಂಡಿಗೆ 80 ಸೆಂಟಿಮೀಟರು ವೇಗದಿಂದ ಒಂದರ ಕಡೆಗೊಂದು ಸರಿದುವೆನ್ನಿ. ಈ ಚಲನೆಯ ಶಕ್ತಿಯನ್ನೆಲ್ಲ ಸ್ಪ್ರಿಂಗು ಹೀರಿಕೊಳ್ಳಬೇಕು. ಷಾಕ್ ಅಬ್ಸಾರ್ಬರಿನ ನೆರವನ್ನು ಸದ್ಯಕ್ಕೆ ಬಿಟ್ಟು ಲೆಕ್ಕಮಾಡಿದರೆ, ನಮ್ಮ ಸ್ಪ್ರಿಂಗಿಗೆ ಇದಕ್ಕೆ ಬೇಕಾಗುವ ಜಾಗ ಸರಿಸುಮಾರು 8 ಸೆಂಟಿಮೀಟರು. ಎಡೆಯೂ ಅಷ್ಟೇ ಇದೆ. ಕಾರು ರಬ್ಬರನ್ನು ಮುಟ್ಟಿಯೂ ಮುಟ್ಟದಂತೆ ಪಾರಾಗುವುದು. ಆಗ ಒಡಲಿಗಾಗುವ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರು. ಎಡೆಯನ್ನು 4 ಸೆಂಟಿಮೀಟರಿಗೆ ಇಳಿಸಿದರೆ? ಸ್ಪ್ರಿಂಗಿನಲ್ಲಿ ಕೂಡಿಡಬಹುದಾದ ಶಕ್ತಿಯು ಅದು ಕುಗ್ಗಿದ ಉದ್ದದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅದೇ ಪೆಟ್ಟನ್ನು ಅರ್ಧ ಜಾಗದಲ್ಲಿ ತಡೆಯಲು ಸ್ಪ್ರಿಂಗು ಎರಡರಷ್ಟಲ್ಲ, ನಾಲ್ಕರಷ್ಟು ಬಿಗಿಯಾಗಬೇಕು. ವೇಗೋತ್ಕರ್ಷ 16 ಮೀಟರಿಗೆ ಏರುವುದು, ಲಯ 1.6ರಿಂದ 3.2ಕ್ಕೆ ಏರಿ, ದೇಹಕ್ಕೆ ಹಿಂಸೆಯಾಗುವ ವಲಯದ ಹೊಸ್ತಿಲಿಗೆ ಬಂದು ನಿಲ್ಲುವುದು.

ಸುಖವನ್ನು ಕಳೆದುದು ಕಾರಿನ ತಗ್ಗುತನವಲ್ಲ, ಎಡೆಯ ಕೊರತೆ. ಈ ಎರಡು ಬೇರೆ ಬೇರೆ ಸಂಗತಿಗಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುವುದು.

ಸುತ್ತು ಕತ್ತರಿಸುವ ಸಲಹೆಯನ್ನು ಈ ಬೆಳಕಿನಲ್ಲಿ ನೋಡೋಣ. ಸುರುಳಿ ಸ್ಪ್ರಿಂಗಿನ ಬಿಗಿತ ಅದರಲ್ಲಿ ಕೆಲಸಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುವುದು. ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಐದರಲ್ಲೊಂದು ಪಾಲು ಹೆಚ್ಚಿ, ಸೆಂಟಿಮೀಟರಿಗೆ 25 ಕಿಲೋ ಇದ್ದುದು 30 ಆಗುವುದು. ಸುತ್ತುಗಳ ನಡುವಣ ದೂರ 5 ಸೆಂಟಿಮೀಟರಾಗಿದ್ದರೆ ಸ್ಪ್ರಿಂಗು 5 ಸೆಂಟಿಮೀಟರು ಮೋಟಾಗುವುದು. ಆದರೆ ಬಿಗಿಯಾದ ಸ್ಪ್ರಿಂಗು 10ರ ಬದಲು 8.3 ಸೆಂಟಿಮೀಟರು ಮಾತ್ರ ಕುಗ್ಗುವುದರಿಂದ ಕಾರು ತಗ್ಗುವುದು 3.3 ಸೆಂಟಿಮೀಟರು. ಲಯ 1.6ರಿಂದ 1.7ಕ್ಕೆ ಏರಿತು, ಅಷ್ಟೆ. ಇಷ್ಟರಿಂದ ಏನು ಕೆಟ್ಟೀತು ಎಂದು ತೋರುವುದು ಸಹಜ. ಕೆಡುವುದು ಇನ್ನೊಂದು ಕಡೆ. ಏರುವ ಎಡೆ 8ರಿಂದ 4.7 ಸೆಂಟಿಮೀಟರಿಗೆ ಇಳಿಯಿತು. ಅಷ್ಟರಲ್ಲೇ ಪೆಟ್ಟನ್ನು ತಡೆಯಲು ಬಿಗಿತ ಸುಮಾರು ಮೂರರಷ್ಟಾಗಬೇಕಿತ್ತು; ಆದುದು ಒಂದೂ ಕಾಲು ಪಾಲಿಗಿಂತಲೂ ಕಡಮೆ. ಹೊಸ ಸ್ಪ್ರಿಂಗು ಪೆಟ್ಟಿನ ಶಕ್ತಿಯಲ್ಲಿ ನೂರಕ್ಕೆ 41 ಪಾಲನ್ನು ಮಾತ್ರ ನುಂಗಬಲ್ಲುದು. ಉಳಿದ 59 ಪಾಲು ರಬ್ಬರಿನ ತಡೆಗೆ ಅಪ್ಪಳಿಸಿ, ಅಲ್ಲಿಂದ ಷಾಸಿಗೆ, ಷಾಸಿಯಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ ತಲಪುವುದು. ‘ದಡ್’ ಎಂದು ಕೇಳುವ ಸದ್ದು ಅದೇ. ಷಾಕ್ ಅಬ್ಸಾರ್ಬರು ಈ ಲೆಕ್ಕವನ್ನು ಸ್ವಲ್ಪ ಸೌಮ್ಯಗೊಳಿಸೀತು, ತಲೆಕೆಳಗು ಮಾಡಲಾರದು.

ಇಷ್ಟೇ ಅಲ್ಲದೆ ಇನ್ನೂ ಅಪಾಯಗಳುಂಟು. ಚಕ್ರ ಗುಂಡಿಯೊಳಕ್ಕೆ ಪೂರ್ತಿ ಜೋತುಬಿದ್ದಾಗ ಮೋಟಾದ ಸ್ಪ್ರಿಂಗು ತನ್ನ ಬಟ್ಟಲಿನಿಂದ ಸಡಿಲಿ ಓರೆಯಾಗಿ ಕುಳಿತೀತು. ಅನೇಕ ಕಾರುಗಳಲ್ಲಿ ಒಡಲು ತಗ್ಗಿದಾಗ ಚಕ್ರದ ತಲೆ ಒಳಕ್ಕೆ ವಾಲಿ, ಟೈರಿನ ಒಳಅಂಚು ಬೇಗ ಸವೆಯುವುದು. ಕಾನೂನಿನ ಮಾತೂ ಉಂಟು: 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಕಾರಿಗೆ ಕೈಹಚ್ಚುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಎಡೆಯ ಜೊತೆಗೆ ಕಾರಿನ ತಳಕ್ಕೂ ನೆಲಕ್ಕೂ ನಡುವಣ ತೆರಪು ಬೇರೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ರಸ್ತೆಯುಬ್ಬಿಗೆ ಗೊತ್ತುಮಾಡಿದ ಒಂದು ಅಳತೆಯುಂಟು: 17 ಮೀಟರು ತ್ರಿಜ್ಯದ ವೃತ್ತದ ತುಣುಕಿನಂತೆ, 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ. ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಲು ತಕ್ಕ ಉಬ್ಬು ಅದು. ಹಿಂದುಮುಂದಿನ ಚಕ್ರಗಳ ನಡುವೆ 2.4 ಮೀಟರು ಅಂತರವಿರುವ ಕಾರು ಅದರ ನೆತ್ತಿಯ ಮೇಲೆ ನಿಂತಾಗ, ನಾಲ್ಕು ಚಕ್ರಗಳೂ ಉಬ್ಬಿನ ಮೇಲೇ ಇರುವುವು. ಆಗ ನಡುವೆ ನೆಲ ಮೇಲೇರುವುದು ನಾಲ್ಕೂ ಕಾಲು ಸೆಂಟಿಮೀಟರು ಮಾತ್ರ. ತಗ್ಗಿದ ಕಾರಿಗೂ ಅದು ತೊಂದರೆಯಲ್ಲ. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಉಬ್ಬುಗಳು ಈ ಅಳತೆಯನ್ನು ಕೇಳಿದವಲ್ಲ. ಒಂದು ಮೀಟರು ಅಗಲ, 15 ಸೆಂಟಿಮೀಟರು ಎತ್ತರದ ದಿಣ್ಣೆಯನ್ನು ಕಾರು ದಾಟುವಾಗ ಮುಂದಿನ ಚಕ್ರಗಳು ಇಳಿದಿರುತ್ತವೆ, ಹಿಂದಿನವು ಏರಿರುವುದಿಲ್ಲ; ಪೂರಾ 15 ಸೆಂಟಿಮೀಟರು ಹೊಟ್ಟೆಯ ಕೆಳಗೆ ಹಾಯಬೇಕು. ಕಾರಿನ ತೆರಪು 16.5 ಸೆಂಟಿಮೀಟರಾಗಿದ್ದರೆ ಒಬ್ಬ ಚಾಲಕನೊಡನೆ ಅದು ಹೇಗೋ ಪಾರಾಗುವುದು. ತಲಾ 65 ಕಿಲೋದ ನಾಲ್ವರು ಕುಳಿತರೆ ಸ್ಪ್ರಿಂಗುಗಳು 2.6 ಸೆಂಟಿಮೀಟರು ಕುಗ್ಗಿ, ತೆರಪು 13.9ಕ್ಕೆ ಇಳಿಯುವುದು. ಉಬ್ಬು ಬಂದಾಗ ‘ಎಲ್ಲರೂ ಇಳೀರಪ್ಪಾ’ ಎಂದು ಚಾಲಕನು ಕೂಗುವುದರ ಗಣಿತ ಇದು. ಸುತ್ತು ಕತ್ತರಿಸಿದ ಕಾರಿನ ತೆರಪು ಬರಿದಾಗಿದ್ದಾಗಲೇ 13.2, ಅದರಲ್ಲಿ ಚಾಲಕನೂ ಇಳಿದು ತಳ್ಳಬೇಕಾದೀತು, ಆಯಿಲ್ ಸಂಪು ಉಳಿದರೆ.

ಹಾಗಾದರೆ ತಗ್ಗಾಗಿದ್ದೂ ಸುಖವಾದ ಓಟದ ಕಾರುಗಳು ಲೋಕದಲ್ಲಿ ಹೇಗಿವೆ? ಅವನ್ನು ಕಟ್ಟುವಾಗಲೇ ತಗ್ಗಾಗಿ ಕಟ್ಟಿರುತ್ತಾರೆ. ಚಕ್ರದ ಎಡೆಗೆ ಕೈಹಚ್ಚದೆ ಭಾರವಾದ ವಸ್ತುಗಳನ್ನು ಕೆಳಗಿಳಿಸುವುದೇ ಅಲ್ಲಿನ ಯುಕ್ತಿ. ಸೀಟನ್ನು ನೆಲಹಲಗೆಗೆ ತಾಗಿಸಿ ಕಾಲು ಚಾಚಿ ಕೂರುವಂತೆ ಮಾಡುವುದು, ಎಂಜಿನನ್ನು ತಗ್ಗಿಸಿ ಕೂರಿಸುವುದು, ಚಕ್ರದ ಮೇಲಿನ ಗೂಡನ್ನು ಆಳವಾಗಿ ಬಿಡುವುದು. ಹೀಗೆ ಮನುಷ್ಯನು ಚಕ್ರಗಳ ಮೇಲೆ ಕೂರದೆ ಚಕ್ರಗಳ ನಡುವೆ ಕೂರುತ್ತಾನೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ‘ಅಂಡರ್‌ಸ್ಲಂಗ್’ ಎಂಬ ಕಾರು ತಯಾರಾಯಿತು. ಅದರ ಷಾಸಿ ಅಚ್ಚುಗಳ ಮೇಲಿರದೆ ಅವುಗಳ ಕೆಳಗೆ ಜೋತಿತ್ತು. ಚಕ್ರಗಳು ದೊಡ್ಡವು, ಒಡಲು ತಗ್ಗು.

ಇನ್ನೂ ಪಾಠ ಹೇಳುವ ಉದಾಹರಣೆ ಇಂಗ್ಲೆಂಡಿನ ಲೋಟಸ್ ಎಲಾನ್. 1962ರಲ್ಲಿ ಹೊರಬಂದ ಈ ಪುಟ್ಟ ಓಟದ ಕಾರಿನ ತೂಕ ಏಳುನೂರು ಕಿಲೋದ ಆಸುಪಾಸು. ಅದನ್ನು ಕಟ್ಟಿದ ಕಾಲಿನ್ ಚಾಪ್‌ಮನ್ನನು ಅದಕ್ಕೆ ಬಿಗಿಯಾದ ಸ್ಪ್ರಿಂಗುಗಳನ್ನು ಹಾಕಲಿಲ್ಲ. ಮೆತ್ತನೆಯ ಸ್ಪ್ರಿಂಗು, ಧಾರಾಳವಾದ ಎಡೆ, ಸರಿಯಾಗಿ ಹೊಂದಿಸಿದ ಷಾಕ್ ಅಬ್ಸಾರ್ಬರು, ಬಾಗದ ಬೆನ್ನೆಲುಬಿನಂಥ ಷಾಸಿ: ಇಷ್ಟರಿಂದ ಅದು ತಿರುವಿನಲ್ಲಿ ನೆಲ ಕಚ್ಚಿ ಓಡುತ್ತಿತ್ತು, ಕೆಟ್ಟ ರಸ್ತೆಯಲ್ಲಿ ಸವಾರನನ್ನು ಹಿಂಸಿಸುತ್ತಲೂ ಇರಲಿಲ್ಲ. ಓಟದ ಕಾರೆಂದರೆ ಪೆಡಸಾಗಿಯೇ ಇರಬೇಕೆಂಬುದು ಒಂದು ಮೂಢನಂಬಿಕೆಯೆಂದು ಎಲಾನನ್ನು ನೋಡಿದರೆ ಹೇಳಬೇಕಾಗುವುದು.

ಕಟ್ಟಿ ಮುಗಿದ ಕಾರನ್ನು ತಗ್ಗಿಸುವವರಿಗೂ ಕೆಲವು ದಾರಿಗಳುಂಟು. ಚಕ್ರದ ಮೊಳೆಯನ್ನು ಅದರ ಹಿಡಿಯಲ್ಲಿ ಮೇಲಕ್ಕೆ ಸರಿಸಿ ಮಾಡಿದ ಬದಲಿ ಭಾಗಗಳು ಕೆಲವು ಕಾರುಗಳಿಗೆ ದೊರೆಯುತ್ತವೆ. ಇವನ್ನು ಹಾಕಿದಾಗ ಸ್ಪ್ರಿಂಗೂ ತೋಳುಗಳೂ ಇದ್ದಲ್ಲೇ ಇದ್ದು, ಒಡಲು ಮಾತ್ರ ಇಳಿಯುವುದು. ಟೈರು ಮೇಲಿನ ಗೂಡಿಗೆ ತಾಗದಿದ್ದರೆ ಎಡೆಗೆ ನಷ್ಟವಿಲ್ಲ. 2014ರವರೆಗೆ ತಯಾರಾದ ನಮ್ಮ ಅಂಬಾಸಡರಿನ ಮುಂಭಾಗದಲ್ಲಿ ಸುರುಳಿಯ ಬದಲು ತಿರುಚುವ ಉಕ್ಕಿನ ಸರಳುಗಳಿದ್ದುವು. ಅಂಥ ಸರಳಿನ ತುದಿಯನ್ನು ಸ್ವಲ್ಪ ತಿರುಗಿಸಿ ಕೂರಿಸಿದರೆ ಬಿಗಿತ ಒಂದಿನಿತೂ ಬದಲಾಗದೆ ಕಾರು ತಗ್ಗುವುದು ಅಥವಾ ಏರುವುದು. ಇದು ಸೊಗಸಾದ ಉಪಾಯವೆಂದು ತೋರಿದರೂ ಇಲ್ಲಿಯೂ ಎಡೆ ಕುಂದುವುದು ತಪ್ಪಲಿಲ್ಲ. ರಬ್ಬರಿನ ತಡೆ ಅಷ್ಟು ಹತ್ತಿರವಾಯಿತು. ಗಟ್ಟಿ ರಬ್ಬರಿಗೆ ಬದಲಾಗಿ ಮೊದಲು ಮೆತ್ತಗೆ ಕುಗ್ಗಿ ಬರುಬರುತ್ತ ಗಟ್ಟಿಯಾಗುವ ನೊರೆಯಂಥ ಪಾಲಿಯುರೆಥೇನಿನ ತಡೆಯನ್ನು ಕೂರಿಸಿದರೆ ಕೊನೆಯ ಪೆಟ್ಟು ಮೃದುವಾಗುವುದು. ತಿರುವಿನಲ್ಲಿ ವಾಲುವುದನ್ನು ತಡೆಯಲು ಎಡಬಲ ಚಕ್ರಗಳನ್ನು ಜೋಡಿಸುವ ಅಡ್ಡಸರಳನ್ನು ದಪ್ಪಮಾಡಿದರೆ ಸ್ಪ್ರಿಂಗನ್ನು ಬಿಗಿಮಾಡಬೇಕಾಗಿಲ್ಲ. ಹಗುರವಾದ ಚಕ್ರಗಳೂ ಸುಖಕ್ಕೆ ನೆರವು. ಆದರೆ ಅಂದಕ್ಕಾಗಿ ಚಕ್ರವನ್ನು ಹಿಗ್ಗಿಸಿ ಟೈರಿನ ಪಕ್ಕವನ್ನು ತೆಳುವಾಗಿಸಿದರೆ, ಟೈರೆಂಬ ಗಾಳಿಯ ಸ್ಪ್ರಿಂಗನ್ನು ನಾವೇ ಕಳೆದುಕೊಂಡಂತೆ.

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ರೋಲ್ಸ್‌ರಾಯ್ಸ್‌ನಿಂದ ಅಮೆರಿಕಕ್ಕೆ ಹೋದ ಮಾರಿಸ್ ಆಲಿ ಎಂಬ ತಜ್ಞನು 1930ರ ದಶಕದ ಮೊದಲಲ್ಲಿ ಕ್ಯಾಡಿಲಾಕ್ ಕಾರುಗಳ ಮೇಲೆ ಪ್ರಯೋಗ ನಡೆಸಿ, ಹಿಂದಿನ ಸ್ಪ್ರಿಂಗುಗಳ ಲಯ ಮುಂದಿನವಕ್ಕಿಂತ ಸ್ವಲ್ಪ ಚುರುಕಾಗಿರಬೇಕೆಂದು ತೋರಿಸಿದನು. ಮುಂದಿನ ಚಕ್ರ ಉಬ್ಬನ್ನು ಮೊದಲು ಮುಟ್ಟುವುದು, ಹಿಂದಿನದು ತಡವಾಗಿ. ಹಿಂಬದಿ ಚುರುಕಾಗಿದ್ದರೆ ಅದು ಮುಂಬದಿಯನ್ನು ಹಿಂದಟ್ಟಿ ಸೇರಿಕೊಂಡು, ಕಾರು ತಲೆ ತೂಗದೆ ಸಮತಟ್ಟಾಗಿ ಏರಿಳಿಯುವುದು. ಮುಂದಿನ ಸ್ಪ್ರಿಂಗನ್ನು ಮಾತ್ರ ಕತ್ತರಿಸುವವರು ಈ ಹೊಂದಿಕೆಯನ್ನು ಹಾಳುಮಾಡುತ್ತಾರೆ.

ಉಕ್ಕಿನ ಬದಲು ಗಾಳಿಯನ್ನೇ ಸ್ಪ್ರಿಂಗಾಗಿ ಬಳಸುವುದು ಬೇರೊಂದು ಹಾದಿ. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯು ತನ್ನ ಡಿ.ಎಸ್. ಕಾರಿನಲ್ಲಿ ಗೋಲಗಳೊಳಗೆ ತುಂಬಿದ ನೈಟ್ರೋಜನನ್ನು ಸ್ಪ್ರಿಂಗಾಗಿಸಿ, ಎಣ್ಣೆಯನ್ನು ಪಂಪುಮಾಡಿ ಕಾರನ್ನು ಏರಿಸಿ ಇಳಿಸುವ ಏರ್ಪಾಡನ್ನು ತಂದಿತು. ನಮ್ಮಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2006ರಿಂದ ಓಡಿಸಿದ ತಗ್ಗುನೆಲದ ವೋಲ್ವೊ ಬಸ್ಸುಗಳು ರಬ್ಬರಿನ ಗಾಳಿಚೀಲಗಳ ಮೇಲೆ ನಿಂತುವು. ಮುದುಕರೂ ಮೆಟ್ಟಿಲಿಲ್ಲದೆ ಒಳಕ್ಕೆ ಕಾಲಿಡುವಷ್ಟು ತಗ್ಗು, ಆದರೂ ಕುಲುಕಾಟ ಕಡಮೆ. ಗಾಳಿಯ ವಿಶೇಷವೇನೆಂದರೆ, ಭಾರ ಹೆಚ್ಚಿದಾಗ ಒತ್ತಡವೂ ಹೆಚ್ಚಿ, ಒಡಲಿನ ಎತ್ತರವನ್ನೂ ತೂಗಾಟದ ಲಯವನ್ನೂ ಹೆಚ್ಚುಕಡಮೆ ಒಂದೇ ಸಮನಾಗಿಡಬಹುದು. ಮೆತ್ತನೆಯ ಸ್ಪ್ರಿಂಗಿಗೆ ಹೆಚ್ಚು ಗಾಳಿ ಬೇಕು ನಿಜ. ಆದರೆ ಆ ಗಾಳಿ ಚಕ್ರದ ಮೇಲೆಯೇ ಇರಬೇಕಾಗಿಲ್ಲ, ಕೊಳವೆಯಿಂದ ಜೋಡಿಸಿದ ಡಬ್ಬಿಯನ್ನು ಎಲ್ಲಿ ಜಾಗವುಂಟೋ ಅಲ್ಲಿಡಬಹುದು. ಬೇಕೆಂದಾಗ ಹೆದ್ದಾರಿಯಲ್ಲಿ ಇಳಿದು, ಊರೊಳಗೆ ಏರುವ ಕಾರೂ ಇದರಿಂದ ಸಾಧ್ಯ. ಬೆಲೆ ಮಾತ್ರ ನಮ್ಮ ತರುಣನ ಕೈಗೆ ಎಟುಕುವುದಲ್ಲ.

ಪಂದ್ಯದವರೂ ಎಲ್ಲೆಡೆಯೂ ಕಾರನ್ನು ತಗ್ಗಿಸುವುದಿಲ್ಲ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಪಂದ್ಯಾವಳಿಯ ಒಂದು ಸುತ್ತು ಬೇಲೂರಿಗೆ ನೆರೆಯಾದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯಿತು. ಡಾಂಬರಿನ ಮೇಲೆ ಓಡುವಾಗ ತಗ್ಗಿಸಿ ಬಿಗಿಮಾಡುವ ರ‍್ಯಾಲಿ ಕಾರನ್ನೇ ಇಂಥ ಮಣ್ಣಿನ ಮೇಲೆ ಎತ್ತರಿಸಿ, ಸ್ಪ್ರಿಂಗನ್ನು ಮೆತ್ತಗೆ ಮಾಡಿ, ಎಡೆಯನ್ನು ಹೆಚ್ಚಿಸುವುದು ಪದ್ಧತಿ. ವೇಗಕ್ಕಾಗಿಯೇ ಬದುಕುವವರು ತೋಟದ ದಾರಿಗೆ ಕೊಡುವ ಮರ್ಯಾದೆ ಇದು.

ಗೆಂಡೆಹಳ್ಳಿಯ ತರುಣನು ಕಾರನ್ನು ವರ್ಕ್‌ಷಾಪಿಗೆ ಬಿಡುವ ಮುನ್ನ ಎರಡು ಅಳತೆಗಳನ್ನು ತಾನೇ ಮಾಡಿಕೊಳ್ಳಬಹುದು. ಮೊದಲನೆಯದು ಲಯದ ಅಳತೆ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ಗೂಡಿನ ಅಂಚಿನವರೆಗೆ ಅಳೆಯಲಿ. ಒಟ್ಟು 120 ಕಿಲೋ ತೂಗುವ ಇಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮತ್ತೆ ಅಳೆಯಲಿ. ಹಿಂಭಾಗ 3 ಸೆಂಟಿಮೀಟರು ಇಳಿದರೆ, ಸೆಂಟಿಮೀಟರಿಗೆ 40 ಕಿಲೋ ಎಂದಾಯಿತು. ಹಿಂದಿನ ಸ್ಪ್ರಿಂಗುಗಳು ಒಟ್ಟು 440 ಕಿಲೋ ಹೊತ್ತಿದ್ದರೆ ಕುಗ್ಗುವಿಕೆ 11 ಸೆಂಟಿಮೀಟರು, ಲಯ ಒಂದೂವರೆ. ಎರಡನೆಯದು ಎಡೆಯ ಅಳತೆ. ಷಾಕ್ ಅಬ್ಸಾರ್ಬರಿನ ಹೊಳೆಯುವ ಸರಳು ಕಾಣುವಂತಿದ್ದರೆ, ಅದರ ಬುಡದಲ್ಲಿ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಳೆಯಂತೆ ಬಿಗಿದು, ಮನೆಯವರನ್ನೆಲ್ಲ ಕೂರಿಸಿಕೊಂಡು ಬೇಲೂರಿಗೆ ಹೋಗಿ ಬರಲಿ. ಸ್ಪ್ರಿಂಗು ಕುಗ್ಗಿದಾಗಲೆಲ್ಲ ಬಳೆ ಸರಳಿನ ಮೇಲೆ ಸರಿದು, ಅತ್ಯಂತ ಹೆಚ್ಚು ಕುಗ್ಗಿದ ಗುರುತಿನಲ್ಲಿ ನಿಂತಿರುವುದು. ಆ ಗುರುತಿನಿಂದ ರಬ್ಬರಿನ ತಡೆಯವರೆಗೆ ಉಳಿದಿರುವ ಜಾಗ ಎಷ್ಟೋ, ಸುಖಕ್ಕೆ ಕುಂದಿಲ್ಲದೆ ಕಾರನ್ನು ತಗ್ಗಿಸಲು ಅಷ್ಟೇ ಅವಕಾಶ. ಬಳೆ ತಡೆಯನ್ನೇ ಮುಟ್ಟಿ ನಿಂತಿದ್ದರೆ ಆ ಅವಕಾಶ ಸೊನ್ನೆ.